ಕಾಯ್ದೆಯ ಕೆಳಗಿಲ್ಲದವರು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಸಮುವೇಲಪ್ಪ ಹಾವೇರಿಯ ಜಿಲ್ಲಾ ನ್ಯಾಯಾಲಯದ ಸಾಕ್ಷಿ ಕಟಕಟೆಯಲ್ಲಿ ನಿಂತು, ತಾವು ‘ಕಾಯ್ದೆ’ ಎಂಬ ಶಬ್ದವನ್ನು ಬಳಸಿಯೇ ಇಲ್ಲ ಎಂದು ಹೇಳಿದರು. ದಿನ 2025ರ ಜುಲೈ 8, ಮಂಗಳವಾರ.

ಹೇಳುವ ಮೊದಲು ಅವರು ಆಣೆ ಮಾಡಲಿಲ್ಲ. ದೇವರ ಹೆಸರಿನಲ್ಲಿ ಆಣೆ ಇಡುವುದು ತಪ್ಪೆಂದು ನಂಬುವ ಕ್ರೈಸ್ತರಿದ್ದಾರೆ. ಅಂಥವರು ‘ಸತ್ಯವನ್ನೇ ಹೇಳುತ್ತೇನೆ’ ಎಂದು ದೃಢೀಕರಿಸಿದರೆ ನ್ಯಾಯಾಲಯ ಒಪ್ಪುತ್ತದೆ. ಸಮುವೇಲಪ್ಪನವರಿಗೆ ಈ ಕ್ರಮ ಹೊಸದಾಗಿರಲಿಲ್ಲ. ಅವರು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ವಯಸ್ಸು ಎಪ್ಪತ್ತೊಂದು. ರಾಣೆಬೆನ್ನೂರಿನ ಒಂದು ಸಣ್ಣ ಪ್ರೊಟೆಸ್ಟಂಟ್ ಸಭೆಯ ಹಿರಿಯರು. ಆ ಸಭೆಯವರು ಬ್ಯಾಡಗಿಯಲ್ಲಿ ನಡೆಸುವ ಅನುದಾನಿತ ಶಾಲೆಯ ಕಾರ್ಯದರ್ಶಿ.

ಎದುರಿನ ಬೆಂಚಿನಲ್ಲಿ ಸುನಿತಾ ಕುಳಿತಿದ್ದಳು. ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು. ಅವಳನ್ನು ವಜಾ ಮಾಡಿದ ಆದೇಶಕ್ಕೆ ಸಹಿ ಹಾಕಿದವರು ಸಮುವೇಲಪ್ಪ. ಇಪ್ಪತ್ತೈದು ವರ್ಷದ ಹಿಂದೆ, ತಂದೆ ತೀರಿಕೊಂಡಿದ್ದರಿಂದ ಅವಳ ಕೈ ಹಿಡಿದು ಮದುವೆಯ ಪೀಠದವರೆಗೆ ನಡೆಸಿಕೊಂಡು ಹೋದವರೂ ಅವರೇ. ಅವಳು ಅವರನ್ನು ಕಾಕಾ ಎನ್ನುತ್ತಾಳೆ.

ವಜಾಕ್ಕೆ ಕಾರಣವಾದದ್ದು ಇಪ್ಪತ್ತೊಂದು ಎಂಬ ಸಂಖ್ಯೆ. 2024ರ ಆಗಸ್ಟ್ ಕೊನೆಯ ವಾರ ಶಿಕ್ಷಣ ಇಲಾಖೆಯವರು ತಪಾಸಣೆಗೆ ಬಂದರು. ಸುನಿತಾ ಏಳನೇ ತರಗತಿಯ ಶಿಕ್ಷಕಿ. ದಾಖಲೆಯಲ್ಲಿ ಮೂವತ್ತೆಂಟು ಮಕ್ಕಳು. ಹತ್ತಿಯ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಶುರುವಾಗಿತ್ತು. ತಾಯಂದಿರು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದರು. ಆ ದಿನ ಬಂದಿದ್ದವರು ಇಪ್ಪತ್ತೊಂದು. ಮೂವತ್ತಾರು ಎಂದು ಬರೆಯಲು ಮುಖ್ಯಶಿಕ್ಷಕರು ಹೇಳಿದರು. ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತದೆ ಎಂಬ ಭಯ ಆಡಳಿತ ಮಂಡಳಿಗಿತ್ತು. ಸುನಿತಾ ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂದು ಎಂದೇ ಬರೆದಳು.

ತಪಾಸಣೆಗೆ ಬಂದವರು ಅಡುಗೆಮನೆಗೂ ಹೋಗಿ, ಬಿಸಿಯೂಟ ಮಾಡುವ ಭರಮವ್ವನನ್ನು ಕೇಳಿದರು.

‘ಏಳನೇತ್ತಕ್ಕ ಎಷ್ಟು ತಾಟು ಕೊಟ್ಟೀಬೇ?’

‘ಇಪ್ಪತ್ತೊಂದ್ರಿ. ಅದರಾಗ ಒಬ್ಬಾಂವ ಎರಡು ಸಲ ಉಂಡಾನ. ಅವನ್ನ ಇಬ್ಬರಂತ ಬರಕೋತೀರೇನು ಮತ್ತ?’

ಇಲಾಖೆಯವರು ನಕ್ಕರು. ಮುಖ್ಯಶಿಕ್ಷಕರು ನಗಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಸುನಿತಾಗೆ ಒಂದು ಹೆಸರು ಬಿದ್ದಿತ್ತು: ಫರಿಸಾಯರಾಕಿ. ಧರ್ಮಶಾಸ್ತ್ರದ ಅಕ್ಷರಕ್ಕೆ ಜೋತುಬಿದ್ದು ಅದರ ಜೀವ ಬಿಟ್ಟವರೆಂದು ಯೇಸು ಬೈದದ್ದು ಫರಿಸಾಯರನ್ನು. ಆರಾಧನೆ ಮುಗಿದ ಮೇಲೆ ಹೆಂಗಸೊಬ್ಬಳು, ‘ಏನ್ರೀ ಅಕ್ಕೋರ, ಇವತ್ತು ದೇವರ ಮನಿಯಾಗ ಎಷ್ಟು ಮಂದಿ ಹಾಜರಿ?’ ಎಂದು ಕೇಳಿದಳು. ಸುನಿತಾ ಸಿಟ್ಟಾಗದೆ, ‘ಅರವತ್ತನಾಕು. ನಿಮ್ಮನಿಯವರು ನಿದ್ದಿ ಹೊಡ್ಯಾಕತ್ತಿದ್ರು, ಅವರನ್ನೂ ಹಿಡದು’ ಎಂದಳು.

ವಿಚಾರಣೆಯ ಶಾಸ್ತ್ರ ಎರಡು ತಿಂಗಳು ನಡೆಯಿತು. ‘ಆಡಳಿತ ಮಂಡಳಿಯ ಸೂಚನೆಯ ಉಲ್ಲಂಘನೆ, ಕರ್ತವ್ಯಲೋಪ’ ಎಂಬ ಆದೇಶ 2024ರ ನವೆಂಬರ್ 12ರಂದು ಅವಳ ಕೈಸೇರಿತು.

ನವೆಂಬರ್ 24, ಭಾನುವಾರ ಸಂಜೆ ಸುನಿತಾಳ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಸರದಿ ಆರು ತಿಂಗಳ ಹಿಂದೆಯೇ ಗೊತ್ತಾಗಿದ್ದರಿಂದ ಯಾರೂ ಅದನ್ನು ತಪ್ಪಿಸಲಿಲ್ಲ. ಕೂಟ ಮುಗಿದು ಜನ ಚಹಾ ಕುಡಿದು ಹೋದ ಮೇಲೆ ಸಮುವೇಲಪ್ಪ ಉಳಿದರು. ಕೋಣೆಯಲ್ಲಿ ಇದ್ದವರು ನಾಲ್ವರು: ಅವರು, ಸುನಿತಾ, ಅವಳ ಗಂಡ ಪ್ರಭಾಕರ, ಮಂಚದ ಮೇಲೆ ಎಂಬತ್ತಾರು ವರ್ಷದ ಅತ್ತೆ. ಅತ್ತೆಗೆ ಕಿವಿ ಕೇಳುವುದಿಲ್ಲ.

‘ಯವ್ವಾ ಸುನಿ, ಕೋರ್ಟು ಗೀರ್ಟು ಅಂತ ತಲಿಯಾಗ ಏನರ ಹಾಕ್ಕೊಂಡೀ ಏನು?’

‘ಹಾವೇರಿಗೆ ಹೋಗಿ ಒಬ್ಬ ವಕೀಲರನ್ನ ಕಾಣಬೇಕಂತ ಮಾಡೇನಿ, ಕಾಕಾ.’

‘ಪೌಲ ರೋಮಿನವರಿಗೆ ಏನ್ ಬರದಾನ? ನಾವು ಕಾಯ್ದೆ ಕೆಳಗಿಲ್ಲ, ಕೃಪೆ ಕೆಳಗ ಅದೀವಿ. ಕಾಯ್ದೆ ಕೆಳಗ ಇರಾವ್ರು ಲೋಕದವರು. ನೀ ಕೋರ್ಟಿನ ಮೆಟ್ಟಲಾ ಹತ್ತಿದಿ ಅಂದ್ರ, ಕೃಪೆ ಬಿಟ್ಟು ನಿನ್ನ ಕಾಲಿಲೇನ ಹೋಗಿ ಕಾಯ್ದೆ ಕೆಳಗ ನಿಂತಂಗ ಆತು. ಆದೇಶ ನಾ ಹಿಂದಕ್ಕ ತಗಸ್ತೇನಿ. ಕ್ರಿಸ್‌ಮಸ್ ಒಂದು ಮುಗೀಲಿ.’

‘ಖರೇನ ತಗಸ್ತೀರಿ, ಕಾಕಾ?’

‘ನಿಮ್ಮಪ್ಪನ ಜಾಗಾದಾಗ ನಿಂತಾವ ಅದೇನಿ. ನಂಬಿಗಿ ಇಲ್ಲೇನು?’

ಆದಿ ಕ್ರೈಸ್ತ ಬೋಧಕ ಪೌಲ ರೋಮಿನ ಸಭೆಗೆ ಬರೆದ ಪತ್ರದ ಆ ಜಾಗದಲ್ಲಿ ಕನ್ನಡದ ಬೈಬಲ್ಲಿನಲ್ಲಿ ಇರುವ ಶಬ್ದ ‘ಧರ್ಮಶಾಸ್ತ್ರ’. ಸುನಿತಾಳ ಅಜ್ಜನ ಹಳೆಯ ಪ್ರತಿಯಲ್ಲಿ ‘ನ್ಯಾಯಪ್ರಮಾಣ’. ಯಾವುದರಲ್ಲೂ ‘ಕಾಯ್ದೆ’ ಇಲ್ಲ. ಅದನ್ನು ಅವಳು ಆಗಲೇ ಗಮನಿಸಿದಳು. ತಿಳಿಯಲಿ ಎಂದು ಬಿಡಿಸಿ ಹೇಳಿದ್ದಾರೆ ಅಂದುಕೊಂಡಳು. ಸಂಡೇ ಸ್ಕೂಲಿನ ಮಕ್ಕಳಿಗೆ ಅವಳೂ ಹಾಗೆ ಸುಲಭದ ಶಬ್ದ ಹಾಕಿ ಹೇಳುತ್ತಿದ್ದಳು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಪೌಲ ಬೇರೊಂದು ಪತ್ರದಲ್ಲಿ ನೇರವಾಗಿಯೇ ಖಂಡಿಸಿದ್ದಾನೆ. ಸಮುವೇಲಪ್ಪ ಅದನ್ನು ಹೇಳಲಿಲ್ಲ. ಹೇಳಿದ್ದರೆ, ಅಂಥ ವ್ಯಾಜ್ಯವನ್ನು ಸಭೆಯೇ ಕೂತು ತೀರ್ಮಾನಿಸಲಿ ಎಂದು ಅದೇ ಪತ್ರದಲ್ಲಿ ಇರುವುದನ್ನು ಅವಳು ತೋರಿಸುತ್ತಿದ್ದಳು. ಸಭೆ ಕೂತಿದ್ದರೆ ಹಾಜರಿ ಪುಸ್ತಕ ತರಿಸಬೇಕಾಗುತ್ತಿತ್ತು.

ಕ್ರಿಸ್‌ಮಸ್ ಮುಗಿಯಿತು. ‘ಸಂಕ್ರಮಣ ಆಗಲಿ, ಕಮಿಟಿ ಕೂಡತದ’ ಎಂದರು. ಜನವರಿಯಲ್ಲಿ ಕಮಿಟಿ ಕೂಡಲಿಲ್ಲ. ಪ್ರತಿ ಭಾನುವಾರ ಬಾಗಿಲಲ್ಲಿ ಕೈ ಕುಲುಕುವಾಗ, ‘ಪ್ರಾರ್ಥನಾ ಮಾಡಾಕತ್ತೀಯಿಲ್ಲವಾ?’ ಎಂದು ಕೇಳುತ್ತಿದ್ದರು. ‘ಮಾಡಾಕತ್ತೇನಿ ಕಾಕಾ’ ಎನ್ನುತ್ತಿದ್ದಳು. ಫೆಬ್ರುವರಿ 13ರ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಬಂತು: ಬ್ಯಾಡಗಿಯ ಶಾಲೆಗೆ ಕನ್ನಡ ಶಿಕ್ಷಕರು ಬೇಕಾಗಿದ್ದಾರೆ. ಸುನಿತಾ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದಳು.

‘ಅದು ಕಾಗದಕ್ಕ ಅಷ್ಟವಾ. ಇಲಾಖೆಗೆ ತೋರಸಾಕ. ಚಹಾ ಕುಡದು ಹೋಗು.’

ಅವಳು ಚಹಾ ಕುಡಿದು ಬಂದಳು.

ಮಾರ್ಚ್ 17ರಂದು ಮಧ್ಯಾಹ್ನ ಭರಮವ್ವ ಫೋನ್ ಮಾಡಿದಳು. ‘ಅಕ್ಕೋರ, ಹೊಸಾ ಅಕ್ಕೋರು ಬಂದಾರ್ರಿ. ನಿಮ್ಮ ಕುರ್ಚಿಮ್ಯಾಲ ಕುಂತಾರ. ಸಮುವೇಲಪ್ಪ ಸಾಹೇಬ್ರು ತಾವ ನಿಂತು ಪ್ರಾರ್ಥನಾ ಮಾಡಿ ಕುಂದ್ರಿಸಿದ್ರು.’

ಎರಡು ದಿನ ಬಿಟ್ಟು ಸುನಿತಾ ಹಾವೇರಿಗೆ ಹೋದಳು. ಅಣ್ಣಾಜಿ ವಕೀಲರ ಕಚೇರಿ ಕೋರ್ಟಿನ ಎದುರಿನ ಗಲ್ಲಿಯಲ್ಲಿದೆ. ಅವರು ಆದೇಶ ಓದಿದರು, ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟುಕೊಂಡರು.

‘ನವೆಂಬರ್ ಹನ್ನೆರಡಕ್ಕ ಕೈಗೆ ಬಂತು. ಶಿಕ್ಷಕರು ಇಂಥ ಆದೇಶದ ಮ್ಯಾಲೆ ಅಪೀಲು ಹಾಕಲಿಕ್ಕೆ ಮೂರು ತಿಂಗಳು. ಅಂದ್ರ ಫೆಬ್ರುವರಿ ಹನ್ನೆರಡಕ್ಕ ಮುಗೀತು. ಜಾಹೀರಾತು ಎಂದು ಬಂತಂದ್ರಿ?’

‘ಹದಿಮೂರಕ್ಕ.’

ಅಣ್ಣಾಜಿ ಕನ್ನಡಕ ತೆಗೆದರು. ‘ನಿಮ್ಮ ಕಾಕಾ ಶಿರಸ್ತೇದಾರ ಇದ್ದಾಗ ಒಂದು ದಿನ ತಡ ಆದ ಕಾಗದಾ ಮುಟ್ಟತಿದ್ದಿಲ್ಲರೀ. ನನ್ನವ ಎಷ್ಟು ವಾಪಸ್ ಕೊಟ್ಟಾರ. ಮೂರು ತಿಂಗಳು ಅನ್ನೂದು ಅವರಿಗೆ ನಿದ್ದಿಯೊಳಗ ಎಬ್ಬಿಸಿ ಕೇಳಿದ್ರೂ ಗೊತ್ತದ. ನಿಮಗ ಯಾರೂ ಹೇಳಲಿಲ್ಲೇನು?’

ಸುನಿತಾ ನವೆಂಬರ್ 24ರ ಮಾತು ಹೇಳಿದಳು. ಅಣ್ಣಾಜಿ ಪೂರ್ತಿ ಕೇಳಿದರು.

‘ಕೃಪೆ ಕೆಳಗ ಕೂಡಿಸಿ ಗಡಿಯಾರ ನೋಡಕೋತ ಕೂತಿದ್ರಲ್ಲರೀ ಅವರು.’

ತಡವನ್ನು ಮನ್ನಿಸಬೇಕಾದರೆ ತಕ್ಕ ಕಾರಣ ಬೇಕು. ಅಣ್ಣಾಜಿ ಪ್ರಮಾಣಪತ್ರದ ಕರಡು ತಯಾರಿಸಿದರು. ನಾಲ್ಕನೇ ಪ್ಯಾರಾದಲ್ಲಿ, ‘ಧರ್ಮಶಾಸ್ತ್ರಕ್ಕೂ ಸರ್ಕಾರದ ಕಾಯ್ದೆಗೂ ಇರುವ ವ್ಯತ್ಯಾಸ ನನಗೆ ತಿಳಿಯದೆ’ ಎಂದಿತ್ತು.

‘ಈ ಸಾಲು ತಗೀರಿ’ ಎಂದಳು ಸುನಿತಾ.

‘ಯಾಕ್ರಿ? ಕೇಸು ನಿಂತದ್ದ ಈ ಸಾಲಿನ ಮ್ಯಾಲೆ.’

‘ನಾ ಕನ್ನಡಾ ಕಲಸಾಕಿ. ಸಂಡೇ ಸ್ಕೂಲ್ ಹದಿನಾಕು ವರ್ಷ ನಡಸೇನಿ. ವ್ಯತ್ಯಾಸ ಗೊತ್ತಿದ್ದಿಲ್ಲಂತ ಹೆಂಗ ಬರದು ಕೊಡ್ಲಿ?’

‘ಗೊತ್ತಿದ್ದೂ ಯಾಕ ಸುಮ್ಮನ ಕೂತ್ರಿ?’

‘ಅವರು ಹೇಳಿದ್ರು ಅಂತ.’

ಅಣ್ಣಾಜಿ ಆ ಸಾಲು ಹೊಡೆದು, ‘ಹಿರಿಯರ ಮಾತನ್ನು ನಂಬಿ’ ಎಂದು ಬರೆದರು. ‘ಇದು ಬಡಕಲು ಸಾಲು. ಹಂಗಾದ್ರ ಒಬ್ಬ ಸಾಕ್ಷಿ ಬೇಕ ಬೇಕು’ ಎಂದರು. ಮೇಲ್ಮನವಿ ಮಾರ್ಚ್ 25ರಂದು ಸಲ್ಲಿಕೆಯಾಯಿತು. ತಡವಾದದ್ದು ನಲವತ್ತೊಂದು ದಿನ.

ಸಾಕ್ಷಿ ಹೇಳಬಲ್ಲವನು ಪ್ರಭಾಕರ ಒಬ್ಬನೇ. ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಅವನು ಮೇಲ್ವಿಚಾರಕ. ಆ ದಿನ ಕೋಣೆಯಲ್ಲಿದ್ದ, ಚಹಾದ ಕಪ್ಪು-ಬಸಿಗಳನ್ನು ಎತ್ತಿಟ್ಟವನೂ ಅವನೇ. ಸುನಿತಾ ಕೇಳಿದಾಗ ಅವನು ಉಣ್ಣುತ್ತಿದ್ದ.

‘ನಂಗ ನೆನಪಿಲ್ಲ.’

‘ನೆನಪಿಲ್ಲೋ, ಹೇಳೂದಿಲ್ಲೋ?’

‘ಅವ್ವನ್ನ ನೋಡು. ಎಂಬತ್ತಾರು. ನಾಳೆ ಏನರ ಆತಂದ್ರ ಮಣ್ಣಿಗೆ ಎಲ್ಲಿ ಒಯ್ಯೂದು? ಸಭೆ ಸ್ಮಶಾನದಾಗ ಅಪ್ಪನ ಮಗ್ಗಲ ಜಾಗಾ ಐತಿ. ಕೀಲಿ ಯಾರ ಕೈಯಾಗ ಐತಿ ಹೇಳು.’

‘ಕೀಲಿ ಅವರ ಕೈಯಾಗ ಐತಿ. ನಾಲಿಗಿ ನಿನ್ನ ಬಾಯಾಗ ಐತೆಲ್ಲ?’

‘ನಿಂದು ಇದ ಆತು. ಸುಮ್ನ ಫರಿಸಾಯರಾಕಿ ಅಂತಾರೇನು ನಿನಗ?’

ಆ ಹೆಸರನ್ನು ಮನೆಯೊಳಗೆ ಅವಳು ಕೇಳಿದ್ದು ಅದೇ ಮೊದಲು. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ವಿಚಾರಣೆಯ ದಿನ ಪ್ರಭಾಕರ ಗೋದಾಮಿಗೆ ಹೋದ.

ಹಾಗಾಗಿ ಜುಲೈ 8ರಂದು ಒಂದು ಕಡೆ ಸುನಿತಾಳ ಮಾತು, ಇನ್ನೊಂದು ಕಡೆ ಸಮುವೇಲಪ್ಪನವರ ಮಾತು ಮಾತ್ರ ಇದ್ದವು. ಪಾಟೀಸವಾಲಿನಲ್ಲಿ ಅಣ್ಣಾಜಿ ಅವರನ್ನು ಕೇಳಿದರು:

‘ಅಪೀಲಿಗೆ ಮೂರು ತಿಂಗಳ ಗಡುವು ಇರೋದು ನಿಮಗೆ ಗೊತ್ತಿತ್ತೋ?’

‘ಗೊತ್ತಿತ್ತು.’

‘ಇವರಿಗೆ ಹೇಳಿದಿರಾ?’

‘ಅವರು ಕೇಳಲಿಲ್ಲ.’

‘ಜಾಹೀರಾತು ಗಡುವು ಮುಗಿದ ಮರುದಿನವೇ ಬಂದದ್ದು ಹೇಗೆ?’

‘ಪತ್ರಿಕೆಯವರು ಹಾಕಿದ ದಿನ ಬಂತು.’

‘ನವೆಂಬರ್ 24ರಂದು ಇವರ ಮನೆಯಲ್ಲಿ, ನಾವು ಕಾಯ್ದೆಯ ಕೆಳಗಿಲ್ಲ, ಕೋರ್ಟಿಗೆ ಹೋಗಬೇಡ ಎಂದು ಹೇಳಿದಿರಲ್ಲವೇ?’

‘ಇಲ್ಲ. ಧರ್ಮಶಾಸ್ತ್ರದ ಕೆಳಗಿಲ್ಲ ಎಂದೆ. ಅದು ದೇವರ ವಾಕ್ಯ. ಅದು ಮೋಶೆಯ ಧರ್ಮಶಾಸ್ತ್ರದ ವಿಷಯ. ಸರ್ಕಾರದ ಕಾಯ್ದೆಗೆ ಅದನ್ನು ಹಚ್ಚುವವರು ದಡ್ಡರು. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವರಿಗೆ ಇಷ್ಟು ತಿಳಿಯದೆಂದು ನಾನು ಹೇಗೆ ನಂಬಲಿ?’

ಅವರು ಹೇಳಿದ ಅರ್ಥ ಸರಿಯಾಗಿತ್ತು. ಸುನಿತಾ ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದುದೂ ಅದೇ. ಅವರ ದನಿಯಲ್ಲಿ ಅಳುಕಿರಲಿಲ್ಲ. ಭಾನುವಾರ ವಾಕ್ಯ ಓದುವ ದನಿಯೇ ಅದು. ಅವಳು ಅದನ್ನು ಕೇಳಿ ಬೆಳೆದವಳು.

ಊಟದ ಹೊತ್ತಿಗಿಂತ ಮುಂಚೆ ಸುನಿತಾಳ ಸರದಿ ಬಂತು. ಶಾಲೆಯ ಪರ ವಕೀಲರು ಚಿಕ್ಕ ವಯಸ್ಸಿನವರು, ಹೆಸರು ಹೇಮಂತ. ಬಹಳ ಮರ್ಯಾದೆಯಿಂದ ಕೇಳಿದರು.

‘ಅಕ್ಕೋರ, ನಿಮ್ಮ ಶಾಸ್ತ್ರದಲ್ಲಿ ‘ಧರ್ಮಶಾಸ್ತ್ರದ ಅಧೀನ’ ಎಂದರೆ ಏನು? ನನಗೆ ಖರೇನೇ ಗೊತ್ತಿಲ್ಲ.’

ಸುನಿತಾ ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು. ‘ಮೋಶೆಯ ಕೈಲೆ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಕಟ್ಟಳೆ ಅದು. ಅದರ ಅಧೀನದಾಗ ಇರೂದಂದ್ರ ಅದನ್ನ ಪೂರ್ತಿ ನಡಸಬೇಕು. ಒಂದು ತಪ್ಪಿದ್ರೂ ಅದು ನಮ್ಮನ್ನ ಅಪರಾಧಿ ಅಂತದ. ಪೌಲ ಅದನ್ನ, ಸಣ್ಣ ಹುಡುಗನ್ನ ಕಾಯೋ ಆಳಿಗೆ ಹೋಲಿಸ್ಯಾನ. ಕ್ರಿಸ್ತ ಬಂದ ಮ್ಯಾಲ ಹುಡುಗ ದೊಡ್ಡಾವ ಆದಂಗ. ಆಳಿನ ಕೆಲಸ ಮುಗೀತು. ಆಳು ಹೋದ ಅಂತ ಹುಡುಗ ಇನ್ನ ಸುಳ್ಳು ಹೇಳಬಹುದು ಅಂತ ಅಲ್ಲರಿ. ಯಾರೂ ನೋಡದಿದ್ರೂ ಹೇಳಬಾರದು ಅಂತ.’

‘ಸರ್ಕಾರದ ಕಾಯ್ದೆ?’

‘ಅದು ಬ್ಯಾರೆ. ಅಧಿಕಾರದಾಗ ಇರಾವ್ರಿಗೆ ತಲಿಬಾಗ್ರಿ ಅಂತ ರೋಮಿನವರ ಪತ್ರದಾಗ ಮುಂದ ಬರದದ.’

‘ಅಂದರೆ ಕೋರ್ಟಿಗೆ ಹೋಗಬಾರದೆಂದು ಆ ಮಾತಿನ ಅರ್ಥ ಅಲ್ಲ ಅನ್ನೋದು ನಿಮಗೆ ನವೆಂಬರ್‌ನಲ್ಲೇ ಗೊತ್ತಿತ್ತು.’

ಅಣ್ಣಾಜಿ ಕಾಗದಗಳಿಂದ ತಲೆ ಎತ್ತಿದರು. ಸುನಿತಾ ಅವರನ್ನು ನೋಡಿದಳು. ಆಮೇಲೆ ನ್ಯಾಯಾಧೀಶರನ್ನು ನೋಡಿದಳು. ‘ಗೊತ್ತಿರಲಿಲ್ಲ’ ಎಂದರೆ ಕೆಲಸ ಬರುವ ದಾರಿ ಇತ್ತು. ಅದು ಅಣ್ಣಾಜಿ ಹತ್ತು ಸಲ ಹೇಳಿದ್ದ ವಿಷಯ.

‘ಗೊತ್ತಿತ್ರಿ’ ಎಂದಳು. ‘ಆದ್ರ ಅವರು ಕಾಯ್ದೆ ಅಂದ್ರು. ಅಂದಾಗ ನಾ ಶಬ್ದ ನೋಡಲಿಲ್ಲ. ಅಂದವರು ಯಾರು ಅಂತ ನೋಡಿದೆ.’

ನ್ಯಾಯಾಧೀಶರು ಅದನ್ನು ಬರೆಸಿದರು. ಬೆರಳಚ್ಚುಗಾರ್ತಿ ‘ಗೊತ್ತಿತ್ತು’ ಎಂಬುದರ ಮುಂದೆ ಪೂರ್ಣವಿರಾಮ ಹಾಕಿ ಉಳಿದದ್ದನ್ನು ಬೇರೆ ವಾಕ್ಯ ಮಾಡಿದಳು.

ಹೊರಗೆ ಬಂದ ಮೇಲೆ ಅಣ್ಣಾಜಿ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡರು. ‘ನಲವತ್ತು ವರ್ಷ ವಕೀಲಿ ಮಾಡೇನಿ. ನನ್ನ ಕಕ್ಷಿದಾರರನ್ನ ಎದುರಿನ ವಕೀಲ ಕೆಡವಿದ್ದು ನೋಡೇನಿ. ತಾವ ಬಿದ್ದದ್ದು ಇದ ಮೊದಲು.’

‘ಹಾಜರಿ ಪುಸ್ತಕದಾಗ ಸುಳ್ಳು ಬರೀಲಾರದ್ದಕ್ಕ ನನ್ನ ತಗದಾರ್ರಿ. ಅದಕ್ಕ ಅಪೀಲು ಹಾಕಿ ಇಲ್ಲಿ ಸುಳ್ಳು ಹೇಳ್ಲಿ?’

‘ಊಟಾ ಮಾಡಿ ಹೋಗ್ರಿ’ ಎಂದರು ಅಣ್ಣಾಜಿ.

ಅವಳು ಊಟ ಮಾಡದೆ ಬಸ್ ನಿಲ್ದಾಣಕ್ಕೆ ನಡೆದಳು. ರಾಣೆಬೆನ್ನೂರಿನ ಬಸ್ಸು ನಿಲ್ಲುವಲ್ಲಿ ಸಮುವೇಲಪ್ಪ ಮೊದಲೇ ಬಂದು ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲಿ ನೀರಿನ ಬಾಟಲಿ. ಅವಳನ್ನು ನೋಡಿ ಪಕ್ಕಕ್ಕೆ ಸರಿದರು.

‘ಬಾರವಾ, ಕುಂದ್ರು. ಬಿಸಲು ಭಾಳ ಐತಿ.’

ಅವಳು ನಿಂತೇ ಇದ್ದಳು.

‘ಕಾಕಾ, ಇಲ್ಲಿ ಯಾರೂ ಬರಕೊಳ್ಳಾವ್ರಿಲ್ಲ. ಅವತ್ತು ಕಾಯ್ದೆ ಅಂದ್ರಿ ಇಲ್ಲೋ?’

ಸಮುವೇಲಪ್ಪ ಬಾಟಲಿಯ ಮುಚ್ಚಳ ತಿರುವಿದರು. ‘ಅಂದಿದ್ನೆವಾ. ಇಲ್ಲಂತ ಯಾರಂದ್ರು?’

‘ನೀವ ಅಂದ್ರಿ. ಎರಡು ತಾಸು ಆಗಿಲ್ಲ.’

‘ಅದು ಕೋರ್ಟು. ಅದು ಮನಿ. ಮನಿಯಾಗ ನಾಕು ಮಂದಿಗೆ ತಿಳೀಲಿ ಅಂತ ಆಡಿದ ಮಾತನ್ನ ಕಟಕಟಿಯಾಗ ಹೆಂಗ ಆಡಾಕ ಬರ್ತೈತಿ? ಮೂವತ್ತೊಂದು ವರ್ಷ ನೋಡೇನಿ. ಅಲ್ಲಿ ಎಲ್ಲಾರೂ ಹಂಗ ಮಾತಾಡೂದು. ನೀನೂ ಗೊತ್ತಿದ್ದಿಲ್ಲಂತ ಅಂದಿದ್ರ ಮುಗೀತಿತ್ತು. ಯಾಕ ಅನ್ನಲಿಲ್ಲ?’

ಅವರು ನಿಜವಾಗಿಯೂ ಉತ್ತರಕ್ಕೆ ಕಾದಂತೆ ಅವಳ ಮುಖ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

‘ನೀವು ನನಗ ಮೂರು ತಿಂಗಳ ಸುದ್ದಿ ಯಾಕ ಹೇಳಲಿಲ್ಲ?’

‘ಶಾಲಿ ಉಳೀಬೇಕಲ್ಲವಾ. ನಿನ್ನ ಒಬ್ಬಾಕಿ ಸಲುವಾಗಿ ಶಾಲಿಯಾಗ ದುಡಿಯೋ ಹನ್ನೊಂದು ಮಂದಿ ಹೊಟ್ಟಿ ಮ್ಯಾಲ ಕಲ್ಲು ಹಾಕ್ಲೇನು? ದೇವರಿಗೆ ಗೊತ್ತೈತಿ. ಕ್ಷಮಾ ಐತಿ. ನಾವು ಕೃಪೆ ಕೆಳಗ ಅದೀವಿ.’

ಬಸ್ಸು ಬಂತು. ಅವರು ಎದ್ದು, ಅಭ್ಯಾಸದಂತೆ, ಅವಳನ್ನು ಮೊದಲು ಹತ್ತಲು ಬಿಟ್ಟು ಹಿಂದೆ ನಿಂತರು. ಸುನಿತಾ ಹತ್ತಲಿಲ್ಲ. ಕಂಡಕ್ಟರ್, ‘ಅಮ್ಮಾರ, ಬರೂದಿತ್ತೇನು? ಲಗೂ ಬರ್ರಿ’ ಎಂದು ಕೂಗಿದ. ಅವಳು ಕೈ ಅಲ್ಲಾಡಿಸಿ ಬೇಡ ಎಂದಳು. ಸಮುವೇಲಪ್ಪ ಹತ್ತಿ ಕಿಟಕಿಯ ಪಕ್ಕ ಕುಳಿತರು. ಮುಂದಿನ ಬಸ್ಸು ಐವತ್ತು ನಿಮಿಷ ಬಿಟ್ಟು ಬಂತು.

ಆದೇಶ ಜುಲೈ 22ರಂದು ಹೊರಬಿತ್ತು. ಅದು ಆರು ಪುಟ ಇತ್ತು. ಐದನೇ ಪುಟದಲ್ಲಿ, ಮೇಲ್ಮನವಿದಾರಳು ಸುಶಿಕ್ಷಿತೆ, ಹಿರಿಯರ ಮಾತಿನ ನಿಜವಾದ ಅರ್ಥ ತನಗೆ ತಿಳಿದಿತ್ತೆಂದು ಆಕೆಯೇ ಒಪ್ಪಿದ್ದಾಳೆ, ಆದುದರಿಂದ ವಿಳಂಬಕ್ಕೆ ತಕ್ಕ ಕಾರಣ ಕಂಡುಬರುವುದಿಲ್ಲ ಎಂದು ಬರೆದಿತ್ತು. ಅರ್ಜಿ ವಜಾ ಆಯಿತು. ಹಾಜರಿ ಪುಸ್ತಕದ ಇಪ್ಪತ್ತೊಂದರ ಪ್ರಶ್ನೆ ವಿಚಾರಣೆಗೇ ಬರಲಿಲ್ಲ.

ಸುನಿತಾ ಆದೇಶದ ಪ್ರತಿಯನ್ನು ಎರಡು ಸಲ ಓದಿದಳು. ಒಂದು ಕಾಗುಣಿತದ ತಪ್ಪು ಕಂಡಿತು. ಪೆನ್ಸಿಲಿನಿಂದ ಗೆರೆ ಎಳೆದಳು. ಆಮೇಲೆ ಅಣ್ಣಾಜಿಗೆ ಫೋನ್ ಮಾಡಿ, ಮೇಲಿನ ಕೋರ್ಟಿಗೆ ಹೋಗಲು ಎಷ್ಟು ದಿನ ಇದೆ ಎಂದು ಕೇಳಿದಳು. ಅವರು ಹೇಳಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದನ್ನು ಅಡುಗೆಮನೆಯ ಬಾಗಿಲಿಗೆ ತೂಗು ಹಾಕಿದಳು.

ಜುಲೈ 31, ಗುರುವಾರ, ಅವಳು ಒಬ್ಬಳೇ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಧಾರವಾಡಕ್ಕೆ ಹೋದಳು. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವಳ ಅರ್ಜಿ ಮಧ್ಯಾಹ್ನ ಮೂರು ಗಂಟೆಗೆ ಸಲ್ಲಿಕೆಯಾಯಿತು. ಅದು ಆದೇಶ ಬಂದ ಒಂಬತ್ತನೇ ದಿನ.